ಬರಿಗಾಲಿಗೆ ವಿಮಾನವಿಲ್ಲ

"ಅಮ್ಮಾ, ನೀವು ಚಪ್ಪಲಿ ಹಾಕ್ಕೊಂಡಿಲ್ಲ..."

ಕೌಂಟರಿನ ಒಳಗಿದ್ದ ಸತ್ಯವತಿ ಮೆಲ್ಲಗೇ ಹೇಳಿದ್ದಳು. ಆದರೂ ಮುಂದೆ ನಿಂತಿದ್ದ ಹಿರಿಯ ಹೆಂಗಸು ಸೀರೆಯ ನೆರಿಗೆಯನ್ನು ಸರ್ರನೆ ಕೆಳಕ್ಕೆಳೆದು ಪಾದ ಮುಚ್ಚಿಕೊಂಡರು.

ಪಕ್ಕದಲ್ಲಿದ್ದ ಮಗ ತಲೆ ತಗ್ಗಿಸಿದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಮಿರುಗುವ ಕಪ್ಪು ಬೂಟು. ಅವನ ಉಡುಪಿನಲ್ಲಿ ಒಂದು ಕುಂದೂ ಇರಲಿಲ್ಲ.

ಎಂಬತ್ತಾರನೆಯ ಇಸವಿಯ ಮಾತು. ಬೆಂಗಳೂರಿನ ವಿಮಾನ ನಿಲ್ದಾಣ ಆಗ ಒಂದು ದೊಡ್ಡ ಕಲ್ಯಾಣ ಮಂಟಪದಷ್ಟಿತ್ತು. ವಿಮಾನ ಸಂಸ್ಥೆಯಲ್ಲಿ ಕೆಲಸ ಮಾಡುವವರಿಗೆ ಒಂದು ಸವಲತ್ತಿತ್ತು. ಸೀಟು ಖಾಲಿ ಇದ್ದರೆ ಅವರೂ ಅವರ ಮನೆಯವರೂ ದುಡ್ಡು ಕೊಡದೆ ಹಾರಬಹುದು. ಅದಕ್ಕೆ ಸ್ಟಾಫ್ ಟಿಕೆಟ್ ಎನ್ನುತ್ತಿದ್ದರು.

ಆದರೆ ಸ್ಟಾಫ್ ಟಿಕೆಟ್ಟಿನವರು ಹೇಗೆಂದರೆ ಹಾಗೆ ಬರುವಂತಿರಲಿಲ್ಲ. ಲುಂಗಿ ಕೂಡದು, ಹವಾಯಿ ಚಪ್ಪಲಿ ಕೂಡದು, ಬರಿಗಾಲು ಕೂಡದು. ಸಂಸ್ಥೆಯ ಮರ್ಯಾದೆ ಅವರ ಮೈಮೇಲಿದೆ ಎಂದು ಮೇಲಿನವರ ಅಪ್ಪಣೆ.

"ಮೇಡಂ, ನಾನು ಗೋಪೀನಾಥ ಅಂತ. ಹ್ಯಾಂಗರಲ್ಲಿ ಟೆಕ್ನೀಷಿಯನ್. ಹೈದರಾಬಾದಿಂದ ಹೋದ ವಾರ ಟ್ರಾನ್ಸ್‌ಫರ್ ಆಗಿ ಬಂದೆ." ಅವನು ಗುರುತಿನ ಚೀಟಿ ಮುಂದಿಟ್ಟ. "ಇವರು ನಮ್ಮಮ್ಮ. ತಂಗಿ ಬೊಂಬಾಯಲ್ಲಿದಾಳೆ. ಹೆರಿಗೆ ಹತ್ರ ಬಂದಿದೆ. ಪ್ರಯಾಣ ಮಾಡಿಸ್ಬೇಡಿ ಅಂತ ಡಾಕ್ಟ್ರು ಹೇಳಿರೋದ್ರಿಂದ ನಾವೇ ಹೋಗ್ತಾ ಇದೀವಿ."

"ಸೀಟಿದೆ ಸಾರ್. ಆದ್ರೆ ಅಮ್ಮ ಚಪ್ಪಲಿ ಹಾಕ್ಕೋಬೇಕು."

ಗೋಪೀನಾಥ ಚೀಲದಿಂದ ಹೊಸ ಚಪ್ಪಲಿಯ ಜೋಡಿ ತೆಗೆದು ತಾಯಿಯ ಕಾಲ ಬಳಿ ಇಟ್ಟ. ತಾಯಿ ಅದನ್ನು ನೋಡಿದರು. ಆಮೇಲೆ ಮಗನ ಮುಖ ನೋಡಿದರು.

"ಇದನ್ನ ಯಾವಾಗ ತಂದ್ಯೋ?"

"ಸ್ವಲ್ಪ ಹೊತ್ತಿಗಮ್ಮ. ವಿಮಾನ ಇಳಿದ ತಕ್ಷಣ ತೆಗೆದುಬಿಡು."

"ಪ್ರಭಾ ಎರಡು ಸಲ ಮಡಿಲು ಬರಿದು ಮಾಡ್ಕೊಂಡಿದಾಳೆ. ಮಗೂನ ತಂದು ಅಣ್ಣಮ್ಮ ದೇವಿ ಮುಂದೆ ಮಲಗಿಸೋವರೆಗೂ ಮೆಟ್ಟು ಮೆಟ್ಟಲ್ಲ ಅಂತ ಹರಕೆ ಹೊತ್ತಿದೀನಿ. ಈಗ ಮೆಟ್ಟಿ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಬದುಕಿರ್ತೀನೇನಪ್ಪ?"

ಗೋಪೀನಾಥ ಸತ್ಯವತಿಯ ಕಡೆ ತಿರುಗಿದ. ಕಣ್ಣಿನಲ್ಲೇ ಕೇಳಿದ.

ಸತ್ಯವತಿ ಮತ್ತೆ ಆ ಹೆಂಗಸಿನ ಪಾದಗಳತ್ತ ನೋಡಿದಳು. *ಬಿಟ್ಟುಬಿಡಲೇ... ಯಾರು ನೋಡ್ತಾರೆ ಈ ಅಮ್ಮನ ಕಾಲನ್ನ...* ಆದರೆ ಅವಳ ಕೈ ಬೋರ್ಡಿಂಗ್ ಕಾರ್ಡಿನ ಕಡೆ ಹೋಗಲಿಲ್ಲ.

"ಆಗಲ್ಲ ಸಾರ್. ದಯವಿಟ್ಟು ತಪ್ಪು ತಿಳ್ಕೋಬೇಡಿ."

ಆ ಹೆಂಗಸು ಆಚೆ ಬೆರಳು ತೋರಿಸಿದರು. ಕಾವಿ ಉಟ್ಟ ಸ್ವಾಮಿಯೊಬ್ಬರು ಬರಿಗಾಲಲ್ಲಿ ಒಳಗೆ ನಡೆದು ಹೋಗುತ್ತಿದ್ದರು.

"ಅವ್ರಿಗೆ ಆಗುತ್ತೆ, ನಮಗ್ಯಾಕೆ ಆಗಲ್ಲವ್ವ?"

"ಅವರು ದುಡ್ಡು ಕೊಟ್ಟು ಹೋಗೋರಮ್ಮ. ನೀವು ಸ್ಟಾಫ್ ಟಿಕೆಟ್."

ಅವಳು ಹೇಳಿದ್ದು ಇದ್ದ ಸಂಗತಿಯನ್ನೇ. ಆದರೆ ಆ ಮಾತು ಬಾಯಿಂದ ಜಾರಿದ ಮರುಗಳಿಗೆಯೇ ಅದು ಎಲ್ಲಿ ಹೋಗಿ ನಾಟಿತೆಂದು ಅವಳಿಗೆ ಕಂಡಿತು. ಗೋಪೀನಾಥನ ಮುಖದಿಂದ ಬೇಡಿಕೆ ಮಾಯವಾಯಿತು. ಅವನು ಬಾಗಿ ಚಪ್ಪಲಿಗಳನ್ನು ಚೀಲಕ್ಕೆ ಹಾಕಿಕೊಂಡ.

"ಸರಿ ಮೇಡಂ. ನಡಿಯಮ್ಮ, ರೈಲಿಗೆ ಹೋಗೋಣ."

ಅವರಿಬ್ಬರೂ ಬಾಗಿಲಿನ ಬೆಳಕಿನಲ್ಲಿ ಮರೆಯಾಗುವವರೆಗೂ ಸತ್ಯವತಿ ನೋಡುತ್ತಲೇ ಇದ್ದಳು.

ಅಂದು ಬೊಂಬಾಯಿಯ ವಿಮಾನ ಖಾಲಿ ಸೀಟುಗಳನ್ನು ಹೊತ್ತುಕೊಂಡೇ ಹಾರಿತು.

*

ರಾಜಾಜಿನಗರದ ಭಾಷ್ಯಂ ಸರ್ಕಲ್ಲಿನ ಹಿಂದಿನ ರಸ್ತೆಯಲ್ಲಿ ಸತ್ಯವತಿಯ ಮನೆ. ಅಪ್ಪ ಮುನಿರಾಮಯ್ಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಕೆಲಸ ಮಾಡುತ್ತಿದ್ದವರು. ಕಣ್ಣು ಮಂಜಾದ ಮೇಲೆ ಮನೆಯಲ್ಲೇ ಉಳಿದಿದ್ದರು. ಅಮ್ಮನ ಔಷಧಿ, ತಂಗಿಯ ಕಾಲೇಜು, ಎಲ್ಲವೂ ಸತ್ಯವತಿಯ ಸಂಬಳದ ಮೇಲೆ ನಿಂತಿತ್ತು. ಆ ಕೆಲಸವೋ ಇನ್ನೂ ಕಾಯಂ ಆಗಿರಲಿಲ್ಲ.

ಅದಕ್ಕೂ ಒಂದು ಕಾರಣವಿತ್ತು. ಕೆಲವು ತಿಂಗಳ ಹಿಂದೆ ಸಹೋದ್ಯೋಗಿಯೊಬ್ಬರ ತಮ್ಮ ಹವಾಯಿ ಚಪ್ಪಲಿಯಲ್ಲಿ ಬಂದಿದ್ದ. ಪಾಪ, ಹುಡುಗ, ಎಂದು ಅವಳು ಬಿಟ್ಟುಬಿಟ್ಟಿದ್ದಳು. ವಿಮಾನದಲ್ಲಿದ್ದ ದೊಡ್ಡ ಅಧಿಕಾರಿಯ ಕಣ್ಣಿಗೆ ಅದು ಬಿತ್ತು. ಸತ್ಯವತಿಗೆ ಎಚ್ಚರಿಕೆ ಬಂತು. ಕಾಯಮಾತಿ ಮುಂದಕ್ಕೆ ಹೋಯಿತು. ಇದನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

"ಯಾಕೆ ಮಗಳೇ, ಸಪ್ಪಗಿದೀಯಾ?" ಊಟಕ್ಕೆ ಕೂತಾಗ ಮುನಿರಾಮಯ್ಯ ಕೇಳಿದರು. ಕಣ್ಣು ಮಂಜಾದರೂ ಅವರಿಗೆ ಮಗಳ ಧ್ವನಿ ಸಾಕಿತ್ತು.

"ಏನಿಲ್ಲಪ್ಪ. ಒಬ್ಬರನ್ನ ವಾಪಸ್ ಕಳಿಸಿದೆ."

"ರೂಲ್ಸ್ ಪ್ರಕಾರ ತಾನೆ?"

"ರೂಲ್ಸ್ ಪ್ರಕಾರಾನೇ."

"ಮತ್ತ್ಯಾಕೆ ಅನ್ನ ಕಲಸ್ತಾನೇ ಇದೀಯಾ?"



*

ನೌಕರರನ್ನು ಕರೆದೊಯ್ಯಲು ಸಂಸ್ಥೆಯ ವ್ಯಾನು ಬರುತ್ತಿತ್ತು. ಗೋವಿಂದರಾಜನಗರದಿಂದ ಹೊರಟು, ಮಾಗಡಿ ರಸ್ತೆ ದಾಟಿ, ಬಸವೇಶ್ವರನಗರ ಸುತ್ತಿ ಭಾಷ್ಯಂ ಸರ್ಕಲ್ಲಿಗೆ ಬರುವ ಹೊತ್ತಿಗೆ ಅರ್ಧ ತುಂಬಿರುತ್ತಿತ್ತು. ಒಂದು ಬೆಳಿಗ್ಗೆ ಸತ್ಯವತಿ ವ್ಯಾನು ಹತ್ತಿದಳು. ಕೊನೆಯ ಸೀಟಿನಲ್ಲಿ ಕಿಟಕಿಗೆ ಒರಗಿ ಗೋಪೀನಾಥ ಕೂತಿದ್ದ.

ಅವಳ ಕಾಲು ಅಲ್ಲೇ ನಿಂತಿತು.

ಅವನು ನೋಡಿದ. ಮತ್ತೆ ಕಿಟಕಿಯ ಕಡೆ ತಿರುಗಿಕೊಂಡ.

ಆ ದಿನವೆಲ್ಲ ಅವಳು ಧೈರ್ಯ ಕೂಡಿಸಿಕೊಂಡಳು. ಸಂಜೆ ವ್ಯಾನು ಹತ್ತುವ ಮುಂಚೆ ಅವನ ಎದುರು ಹೋಗಿ ನಿಂತಳು.

"ನಿಮ್ಮ ತಂಗಿ ಹೇಗಿದಾರೆ?"

"ಹೆರಿಗೆ ಆಯ್ತು. ಹೆಣ್ಣು ಮಗು." ಅವನು ಸೇರಿಸಿದ, "ನಾವು ಹೋಗೋ ಹೊತ್ತಿಗೆ ಆಗಿಹೋಗಿತ್ತು. ಅವಳು ಅಮ್ಮಾ ಅಮ್ಮಾ ಅಂತಿದ್ಲಂತೆ. ಅಮ್ಮ ಆಗ ರೈಲಲ್ಲಿದ್ಲು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸತ್ಯವತಿಗೆ ಹಗುರವಾಗುತ್ತಿತ್ತೇನೋ.

"ಮಗು...?"

"ಸಣ್ಣಗಿದೆ. ತೂಕ ಬರೋವರೆಗೂ ಎಲ್ಲೂ ಕರ್ಕೊಂಡು ಹೋಗ್ಬೇಡಿ ಅಂದಿದಾರೆ. ಅಮ್ಮ ಅಲ್ಲೇ ಇದಾಳೆ."

"ನಾನು ಆವತ್ತು..."

"ನೀವು ಡ್ಯೂಟಿ ಮಾಡಿದ್ರಿ ಮೇಡಂ. ಬಿಡಿ."

ಬಿಡಿ ಅಂದರೆ ಬಿಡುವ ಮಾತೇ ಅದು? ಸತ್ಯವತಿ ಮುಂದಿನ ಸೀಟಿನಲ್ಲಿ, ಅವನು ಹಿಂದಿನ ಸೀಟಿನಲ್ಲಿ. ಹೀಗೇ ಎಷ್ಟೋ ದಿನ ಕಳೆದವು. ಅವಳ ಬೆನ್ನಿಗೆ ಒಂದು ಮೌನ ಅಂಟಿಕೊಂಡು ಬರುತ್ತಿತ್ತು. ವಿಚಿತ್ರವೆಂದರೆ, ಅವನು ರಜೆ ಹಾಕಿದ ದಿನ ಆ ಮೌನವಿಲ್ಲದೆ ವ್ಯಾನು ಬಿಕೋ ಎನ್ನುತ್ತಿತ್ತು.

*ಇದೇನು ನನಗೆ... ನನ್ನ ಜೊತೆ ಮಾತೇ ಆಡದ ಮನುಷ್ಯನಿಗೆ ಕಾಯ್ತೀನಲ್ಲ...*

*

ಒಂದು ಸಂಜೆ ರಾಜಾಜಿನಗರದ ಹೆಬ್ಬಾಗಿಲಿಗೆ ಬರುವಷ್ಟರಲ್ಲಿ ವ್ಯಾನು ಕೆಮ್ಮಿ ನಿಂತುಹೋಯಿತು. ಡ್ರೈವರ್ ಬಾನೆಟ್ ಎತ್ತಿದ. ಉಳಿದವರು ಬಸ್ಸು ಹುಡುಕಿಕೊಂಡು ಹೋದರು. ಸತ್ಯವತಿ ನಡೆದೇ ಹೊರಟಳು. ಸ್ವಲ್ಪ ದೂರ ಹೋದ ಮೇಲೆ ಹಿಂದೆ ಬೂಟಿನ ಸದ್ದು ಕೇಳಿತು.

"ಕತ್ತಲಾಗ್ತಾ ಇದೆ. ಭಾಷ್ಯಂ ಸರ್ಕಲ್ವರೆಗೂ ಬರ್ತೀನಿ," ಎಂದ ಗೋಪೀನಾಥ.

ಇಬ್ಬರೂ ನಡೆದರು. ರಸ್ತೆ ಬದಿಯಲ್ಲಿ ಕಡಲೆಕಾಯಿ ಹುರಿಯುವವನ ಬಾಣಲೆಯ ಶಬ್ದ, ಯಾರದೋ ಮನೆಯ ರೇಡಿಯೋದ ವಾರ್ತೆ.

ಸತ್ಯವತಿಯೇ ಮಾತು ತೆಗೆದಳು. ಎಚ್ಚರಿಕೆ ಬಂದದ್ದನ್ನು, ಕಾಯಮಾತಿ ನಿಂತದ್ದನ್ನು, ಅಪ್ಪನ ಕಣ್ಣನ್ನು, ಯಾರಿಗೂ ಹೇಳದಿದ್ದದ್ದನ್ನೆಲ್ಲ ಅವನಿಗೆ ಹೇಳಿದಳು. ಯಾಕೆ ಅವನಿಗೇ ಹೇಳಿದಳೋ ಅವಳಿಗೇ ತಿಳಿಯದು.

"ಹೆದ್ರಿಕೆ ಇತ್ತು ನಂಗೆ. ಅಷ್ಟೇ. ನಿಮ್ಮಮ್ಮನ್ನ ಕೀಳಾಗಿ ನೋಡ್ಲಿಲ್ಲ."

ಗೋಪೀನಾಥ ನಡಿಗೆ ನಿಧಾನ ಮಾಡಿದ.

"ರೂಲ್ಸಿಗೆ ನಂಗೆ ಬೇಜಾರಾಗ್ಲಿಲ್ಲ ಮೇಡಂ. ನಮ್ಮಪ್ಪ ಬಿನ್ನಿಪೇಟೆ ಮಿಲ್ಲಲ್ಲಿದ್ರು. ಅವರು ತೀರಿಕೊಂಡ ಮೇಲೆ ಅಮ್ಮ ಮನೆ ಮನೆ ಪಾತ್ರೆ ತೊಳೆದು ನನ್ನ ಓದಿಸಿದ್ಲು. ಮಗನ ಕಂಪ್ನಿಯೋರು ನನ್ನ ವಿಮಾನದಲ್ಲಿ ಕರ್ಕೊಂಡು ಹೋಗ್ತಾರೆ ಅಂತ ವಠಾರಕ್ಕೆಲ್ಲ ಹೇಳ್ಕೊಂಡು ಬಂದಿದ್ಲು. ಆವತ್ತು ರೈಲಲ್ಲಿ ನನ್ನ ಕೇಳಿದ್ಲು, 'ಹಂಗಾದ್ರೆ ನಾವು ಬಿಟ್ಟಿ ಹೋಗೋರಾ ಗೋಪಿ?' ಅಂತ. ನಂಗೆ ಹೇಳೋಕೆ ಏನೂ ತೋಚ್ಲಿಲ್ಲ."

ಸತ್ಯವತಿ ನಡೆಯುವುದನ್ನು ನಿಲ್ಲಿಸಿದಳು.

"ನಿಮ್ಮ ದುಡಿಮೆಗೆ ಸಿಕ್ಕಿದ ಟಿಕೆಟ್ ಅದು. ಬಿಟ್ಟಿ ಅಲ್ಲ. ನಾನು ಹಾಗೆ ಹೇಳ್ಬಾರ್ದಿತ್ತು... ತಪ್ಪಾಯ್ತು."

ಬೀದಿ ದೀಪದ ಕೆಳಗೆ ಅವನು ಅವಳನ್ನು ನೋಡಿದ. ಮೊದಲ ಸಲ ಸರಿಯಾಗಿ ನೋಡಿದ.

"ಮೇಡಂ ಅನ್ನೋದು ಬಿಟ್ಟು ನಿಮ್ಮನ್ನ ಏನಂತ ಕರೀಬೇಕು?"

"ಸತ್ಯವತಿ."

"ಉದ್ದ ಆಯ್ತು," ಎಂದು ಅವನು ನಕ್ಕ. ಅವನು ನಗುವುದನ್ನು ಅವಳು ಅಂದೇ ಕಂಡದ್ದು.

ಮಾರನೆಯ ದಿನದಿಂದ ಅವನು ಕೊನೆಯ ಸೀಟು ಬಿಟ್ಟು ಅವಳ ಹಿಂದಿನ ಸೀಟಿಗೆ ಬಂದ. ವಿಮಾನಗಳ ರಿಪೇರಿ ನಡೆಯುವ ಹ್ಯಾಂಗರಿನ ಕತೆ ಹೇಳುತ್ತಿದ್ದ. ಅವಳು ಕೌಂಟರಿಗೆ ಬರುವವರ ಕತೆ ಹೇಳುತ್ತಿದ್ದಳು. ಹುಟ್ಟಿದೂರಿಗೆ ಬಂದು ಇಷ್ಟು ದಿನವಾದರೂ ಹೋಟೆಲಿನಲ್ಲೇ ಉಣ್ಣುತ್ತೇನೆಂದು ಅವನು ಹೇಳಿದ ಮೇಲೆ, ಅವಳ ಡಬ್ಬಿಯಲ್ಲಿ ಚಿತ್ರಾನ್ನ ಒಬ್ಬರಿಗಿಂತ ಹೆಚ್ಚೇ ಇರತೊಡಗಿತು. ಸತ್ಯವತಿಯ ಅಮ್ಮ ಅದನ್ನು ಗಮನಿಸಿದರು.

*

ಮಳೆಗಾಲ ಮುಗಿಯುವ ಹೊತ್ತಿಗೆ ಪ್ರಭಾಳ ಅತ್ತೆ ಊರಿನಿಂದ ಬಂದು ಬಾಣಂತನ ವಹಿಸಿಕೊಂಡರು. ಗೋಪೀನಾಥನ ತಾಯಿ ಪಟಾಲಮ್ಮ ರೈಲಿನಲ್ಲಿ ಬೆಂಗಳೂರಿಗೆ ವಾಪಸ್ಸಾದರು. ಚಳಿ ಇಳಿಯುತ್ತಿದ್ದಂತೆ ಬೊಂಬಾಯಿಂದ ಸುದ್ದಿ ಬಂತು. ಮಗು ಮೈಕೈ ತುಂಬಿಕೊಂಡಿದೆ, ಇನ್ನು ಕರೆತರಬಹುದು. ಅಳಿಯನಿಗೆ ರಜೆಯಿಲ್ಲ. ಮಗುವನ್ನೂ ತಾಯಿಯನ್ನೂ ಕರೆತರಲು ಪಟಾಲಮ್ಮನೇ ಹೋಗಬೇಕು.

"ರೈಲಿಗೆ ಹತ್ತಿಸ್ತೀನಿ," ಎಂದ ಗೋಪೀನಾಥ ವ್ಯಾನಿನಲ್ಲಿ. "ಅಣ್ಣಮ್ಮನ ಗುಡಿಗೆ ಹೋಗೋವರೆಗೂ ಅಮ್ಮ ಚಪ್ಪಲಿ ಮುಟ್ಟಲ್ಲ. ಕೌಂಟರಿನ ಮುಂದೆ ಇನ್ನೊಂದು ಸಲ ಅವಳನ್ನ ನಿಲ್ಲಿಸಲಾರೆ."

ಆ ಮಧ್ಯಾಹ್ನವೇ ಸತ್ಯವತಿ ಸ್ಟೇಷನ್ ಮ್ಯಾನೇಜರ್ ಬಸವಲಿಂಗಪ್ಪನವರ ಕೋಣೆಯ ಬಾಗಿಲು ತಟ್ಟಿದಳು. ಎಚ್ಚರಿಕೆ ಬಂದ ಮೇಲೆ ಅವಳು ಆ ಬಾಗಿಲ ಬಳಿ ಸುಳಿದಿರಲಿಲ್ಲ.

"ಸಾರ್, ಒಬ್ಬರು ವಯಸ್ಸಾದ ಅಮ್ಮ. ಹರಕೆ ಹೊತ್ತಿದಾರೆ. ಚಪ್ಪಲಿ ಹಾಕಲ್ಲ. ಸ್ಟಾಫ್ ಟಿಕೆಟಲ್ಲಿ ಬಿಡೋಕೆ ನೀವು ಮನಸ್ಸು ಮಾಡ್ಬೇಕು. ಜವಾಬ್ದಾರಿ ನಾನು ತಗೋತೀನಿ."

"ನಿನ್ನ ಕಾಯಮಾತಿ ಈಗ ತಾನೆ ಹೆಡ್ಡಾಫೀಸಿಗೆ ಹೋಗಿದೆ ಕಣಮ್ಮ. ಗೊತ್ತಲ್ವಾ?"

"ಗೊತ್ತು ಸಾರ್."

ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು.

"ಬರಿಗಾಲು ಕೂಡದು ಅನ್ನೋದು ರೂಲು. ಚಪ್ಪಲಿನೇ ಆಗ್ಬೇಕು ಅಂತ ಯಾರು ಹೇಳಿದ್ರು ನಿಂಗೆ? ಆಯಮ್ಮ ಕಾಲುಚೀಲ ಹಾಕ್ಕೊಂಡು ಬರ್ಲಿ. ಸಾಕು. ಶಬರಿಮಲೆ ಮಾಲೆ ಹಾಕಿದ ನಮ್ಮೋರನ್ನೆಲ್ಲ ನಾನು ಹಾಗೇ ಕಳಿಸಿದೀನಿ."

ಸತ್ಯವತಿ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಸಾರ್... ಈ ಅಮ್ಮನ್ನ ನಾನು ಆವತ್ತೊಂದು ದಿನ ವಾಪಸ್ ಕಳಿಸಿದೆ."

"ಅಯ್ಯೋ, ನನ್ನ ಕೇಳ್ಬಾರ್ದಿತ್ತೇನಮ್ಮ? ಪಕ್ಕದ ರೂಮಲ್ಲೇ ಇರ್ತೀನಲ್ಲ."

ಹೊರಗೆ ಬಂದು ಅವಳು ಗೋಡೆಗೆ ಒರಗಿ ನಿಂತಳು. ಒಂದು ಜೊತೆ ಕಾಲುಚೀಲ... ಒಂದು ಬಾಗಿಲು ತಟ್ಟುವಷ್ಟು ಧೈರ್ಯ... ಅಷ್ಟಿದ್ದಿದ್ದರೆ ಆ ತಾಯಿ ಹೆರಿಗೆಯ ಹೊತ್ತಲ್ಲಿ ಮಗಳ ತಲೆಯ ಬಳಿ ಇರುತ್ತಿದ್ದರು.

*ಇದನ್ನ ಹೇಳದೆ ಇರಬಹುದು. ಕಾಲುಚೀಲ ತಂದುಕೊಟ್ಟು, ನಾನೇ ದಾರಿ ಹುಡುಕಿದೆ ಅಂತ ಹೇಳಬಹುದು. ಅವನ ಕಣ್ಣಲ್ಲಿ ದೊಡ್ಡವಳಾಗಬಹುದು...*

ಸಂಜೆ ವ್ಯಾನಿಗೆ ಕಾಯುತ್ತಿದ್ದಾಗ ಅವಳು ಅವನಿಗೆ ಎಲ್ಲವನ್ನೂ ಹೇಳಿದಳು. ಆವತ್ತು ತಟ್ಟದೆ ಬಿಟ್ಟ ಬಾಗಿಲನ್ನೂ ಹೇಳಿದಳು.

"ಮ್ಯಾನೇಜರ್ ಪಕ್ಕದ ರೂಮಲ್ಲೇ ಇದ್ರಾ?" ಗೋಪೀನಾಥ ಕೇಳಿದ.

"ಹೂಂ."

"ಕಾಲುಚೀಲ ಸಾಕಿತ್ತಾ?"

"ಸಾಕಿತ್ತು."

ಅವನ ಮುಖ ಬಿಳಿಚಿಕೊಂಡಿತು. ವ್ಯಾನು ಬಂದಾಗ ಅವನು ಕೊನೆಯ ಸೀಟಿಗೆ ಹೋಗಿ ಕೂತ.

ಮಾರನೆಯ ದಿನ ಅವನು ವ್ಯಾನಿನಲ್ಲಿರಲಿಲ್ಲ. ಅದರ ಮಾರನೆಯ ದಿನವೂ ಇರಲಿಲ್ಲ. ಶಿಫ್ಟು ಬದಲಾಯಿಸಿಕೊಂಡಿದ್ದಾನೆಂದು ಡ್ರೈವರ್ ಹೇಳಿದ.

ಡಬ್ಬಿಯಲ್ಲಿ ಹೆಚ್ಚಾದ ಚಿತ್ರಾನ್ನ ಹಾಗೇ ಮನೆಗೆ ವಾಪಸ್ಸು ಬರತೊಡಗಿತು. ಒಂದು ದಿನ ಅಮ್ಮ ಡಬ್ಬಿ ತೊಳೆಯುತ್ತಾ, "ಅವರಿಗೆ ಹುಷಾರಿಲ್ವೇನೇ?" ಎಂದರು.

ಸತ್ಯವತಿ ಬಚ್ಚಲು ಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು.

*

ಭಾನುವಾರ ಬೆಳಿಗ್ಗೆ ಅವಳು ಗೋವಿಂದರಾಜನಗರದಲ್ಲಿ ಗೋಪೀನಾಥನಿದ್ದ ವಠಾರ ಹುಡುಕಿಕೊಂಡು ಹೋದಳು. ಕೈಯಲ್ಲಿ ಭಾಷ್ಯಂ ಸರ್ಕಲ್ಲಿನ ಅಂಗಡಿಯಲ್ಲಿ ಕೊಂಡ ಒಂದು ಸಣ್ಣ ಪೊಟ್ಟಣ. ಅವನು ಬಾಗಿಲು ತೆಗೆದರೆ ಏನು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡಿದ್ದಳು. ಬಾಗಿಲಲ್ಲಿ ಇದ್ದವರು ಪಟಾಲಮ್ಮ. ಮೊರದ ತುಂಬ ಹುಣಸೆಹಣ್ಣು ಹರಡಿಕೊಂಡು ಬೀಜ ಬಿಡಿಸುತ್ತಿದ್ದರು.

"ಯಾರವ್ವ?"

"ನಾನು ಅಮ್ಮಾ... ಏರ್‌ಪೋರ್ಟಲ್ಲಿ ನಿಮ್ಮನ್ನ ವಾಪಸ್ ಕಳಿಸಿದೋಳು."

ಪಟಾಲಮ್ಮನ ಕೈ ನಿಂತಿತು. ಅವಳನ್ನು ಮೇಲಿನಿಂದ ಕೆಳಗೆ ನೋಡಿದರು.

"ಗೋಪಿ ಸೀಮೆಎಣ್ಣೆ ಕ್ಯೂನಲ್ಲಿ ನಿಂತವನೆ. ಬಾ, ಕೂತ್ಕೋ."

ಸತ್ಯವತಿ ನೆಲದ ಮೇಲೆ ಕೂತಳು. ಅವರು ಕಾಫಿ ಕೊಟ್ಟರು. ಅದನ್ನು ಕುಡಿಯುವ ಮೊದಲೇ ಅವಳು ಮಗನಿಗೆ ಹೇಳಿದ್ದನ್ನೆಲ್ಲ ತಾಯಿಗೂ ಹೇಳಿದಳು. ಹೆದರಿಕೆಯನ್ನು, ಬಾಗಿಲನ್ನು, ಕಾಲುಚೀಲವನ್ನು. ಏನನ್ನೂ ಮೆತ್ತಗೆ ಮಾಡಲಿಲ್ಲ.

ಪಟಾಲಮ್ಮ ಹುಣಸೆಹಣ್ಣು ಬಿಡಿಸುತ್ತಲೇ ಕೇಳಿಸಿಕೊಂಡರು.

"ಆವತ್ತು ನೀನು ನನ್ನ ಕಾಲು ನೋಡ್ದೆ. ಮುಖ ನೋಡ್ಲಿಲ್ಲ ಕಣವ್ವ," ಎಂದರು ಕೊನೆಗೆ. "ಅದೇ ನಂಗೆ ಬೇಜಾರಾಗಿದ್ದು. ಮುಖ ನೋಡಿ ಆಗಲ್ಲ ಅಂದಿದ್ರೆ ನಾನು ಮರ್ತುಬಿಡ್ತಿದ್ದೆ."

ಸತ್ಯವತಿ ತಲೆ ಎತ್ತಿದಳು. ಸುಕ್ಕುಗಟ್ಟಿದ, ಹಣೆಗೆ ಕುಂಕುಮವಿಲ್ಲದ, ಆದರೂ ನಗು ಆರದ ಒಂದು ಮುಖ. ಅದನ್ನು ನೋಡುತ್ತಾ ನೋಡುತ್ತಾ ಅವಳ ಕಣ್ಣು ತುಂಬಿ ಬಂತು.

"ಅಳಬೇಡ. ಮಗು ಚೆನ್ನಾಗದೆ. ಪ್ರಭಾನೂ ಚೆನ್ನಾಗವಳೆ. ನಾನಿದ್ದಿದ್ರೂ ಹೆರಬೇಕಾಗಿದ್ದವಳು ಅವಳೇ ತಾನೆ?" ಪಟಾಲಮ್ಮ ಸೆರಗಿನಿಂದ ಅವಳ ಕೆನ್ನೆ ಒರೆಸಿದರು. "ಅದೇನು ಪೊಟ್ಟಣ?"

ಅವಳು ಬಿಚ್ಚಿ ತೋರಿಸಿದಳು. ಒಂದು ಜೊತೆ ಬಿಳಿ ಕಾಲುಚೀಲ.

"ಇದನ್ನ ಹಾಕ್ಕೊಂಡ್ರೆ ಹರಕೆಗೆ ತೊಂದ್ರೆ ಆಗುತ್ತಾ ಅಮ್ಮಾ? ನಿಮಗೆ ಮನಸ್ಸಿಲ್ದಿದ್ರೆ ಬೇಡ."

ಪಟಾಲಮ್ಮ ಅದನ್ನು ಕೈಯಲ್ಲಿ ಹಿಡಿದು ಹಿಗ್ಗಿಸಿ ನೋಡಿದರು.

"ಮೆಟ್ಟು ಅಂದ್ರೆ ಮೆಟ್ಟು. ಬಟ್ಟೆ ಅಂದ್ರೆ ಬಟ್ಟೆ. ಅಷ್ಟೂ ತಿಳಿಯಲ್ವಾ ಅಣ್ಣಮ್ಮಂಗೆ?" ಎಂದರು. ಆಮೇಲೆ ನಕ್ಕುಬಿಟ್ಟರು. "ಈ ವಯಸ್ಸಲ್ಲಿ ಇಸ್ಕೂಲು ಹುಡುಗಿ ಥರ ಕಾಣ್ತೀನಲ್ಲೇ."

ಸತ್ಯವತಿಯೂ ಅಳುತ್ತಲೇ ನಕ್ಕಳು. ಆಗ ಬಾಗಿಲಲ್ಲಿ ಸೀಮೆಎಣ್ಣೆ ಡಬ್ಬ ಕೆಳಗಿಟ್ಟ ಸದ್ದಾಯಿತು.

ಗೋಪೀನಾಥ ನಿಂತಿದ್ದ. ಯಾವಾಗ ಬಂದನೋ, ಎಷ್ಟು ಕೇಳಿಸಿಕೊಂಡನೋ.

ಸತ್ಯವತಿ ಎದ್ದು ನಿಂತಳು.

"ನಿಮ್ಮನ್ನ ತೊಂದ್ರೆ ಮಾಡೋಕೆ ಬರ್ಲಿಲ್ಲ. ಅಮ್ಮನ್ನ ನೋಡಿ ಹೋಗೋಣ ಅಂತ ಬಂದೆ. ನಿಮಗೆ ನನ್ನ ಮೇಲೆ ಸಿಟ್ಟಿರೋದು ಸಹಜ."

"ಸಿಟ್ಟಾ?" ಅವನು ಒಳಗೆ ಬಂದು ತಾಯಿಯ ಮುಂದೆಯೇ ಕುಕ್ಕರುಗಾಲಲ್ಲಿ ಕೂತ. "ಅಮ್ಮ, ಆವತ್ತು ಚಪ್ಪಲಿ ಯಾವಾಗ ತಂದೆ ಅಂತ ಕೇಳಿದ್ಯಲ್ಲ. ಹಿಂದಿನ ದಿನವೇ ತಂದಿದ್ದೆ. ಬರಿಗಾಲಲ್ಲಿ ಬಿಡಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು."

ಪಟಾಲಮ್ಮ ಮಗನನ್ನೇ ನೋಡಿದರು.

"ನಿನ್ನ ಹತ್ರ ಹೇಳೋಕೆ ಧೈರ್ಯ ಬರ್ಲಿಲ್ಲ. ಹರಕೆ ವಿಷಯಕ್ಕೆ ನೀನು ಎಷ್ಟು ಗಟ್ಟಿ ಅಂತ ಗೊತ್ತಲ್ಲ. ಕೌಂಟರಲ್ಲಿ ಯಾರಾದ್ರೂ ಹೇಳ್ತಾರೆ, ಆಗ ಅಮ್ಮ ಒಪ್ಕೋತಾಳೆ ಅಂದ್ಕೊಂಡೆ. ಕೆಟ್ಟ ಮಾತು ಇವರ ಬಾಯಿಂದ ಬರ್ಲಿ ಅಂತ ಬಿಟ್ಟೆ. ಬಂದ ಮೇಲೆ ಇವರ ಮೇಲೇ ಮುನಿಸ್ಕೊಂಡೆ." ಅವನು ಸತ್ಯವತಿಯ ಕಡೆ ತಿರುಗಿದ. "ನೀವು ಬಾಗಿಲು ತಟ್ಟಲಿಲ್ಲ ಅಂತ ನನ್ನೆದುರು ನಿಂತು ಹೇಳಿದ್ರಲ್ಲ, ಆವತ್ತು ನಿಮ್ಮ ಮುಖ ನೋಡೋಕಾಗ್ಲಿಲ್ಲ. ನಾನೂ ಮುಂಚೆನೇ ಯಾರನ್ನಾದ್ರೂ ಕೇಳಿದ್ರೆ ಆಗ್ತಿತ್ತು. ನಂಗೂ ಆ ರೂಮು ಗೊತ್ತಿತ್ತು. ಅದಕ್ಕೇ ಶಿಫ್ಟ್ ಬದಲಾಯಿಸ್ಕೊಂಡೆ. ಸಿಟ್ಟಿಗಲ್ಲ... ನಾಚಿಕೆಗೆ."

ಹೊರಗೆ ವಠಾರದ ನಲ್ಲಿಯ ಬಳಿ ಯಾರೋ ಕೊಡ ತುಂಬಿಸುತ್ತಿದ್ದರು.

ಪಟಾಲಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದರು.

"ನಾನೂ ಮೊಂಡಿನೇ ಬಿಡು. ನನ್ನ ಮಗ ನಂಗೆ ಹೆದ್ರುಕೊಂಡ್ರೆ ಅದು ನಂದೂ ತಪ್ಪೇ." ಆಮೇಲೆ ಸತ್ಯವತಿಗೆ, "ಕಾಫಿ ಆರೋಯ್ತು. ಬಿಸಿ ಮಾಡ್ಕೊಡ್ತೀನಿ ಕುಡ್ದು ಹೋಗು," ಎಂದು ಲೋಟ ಎತ್ತಿಕೊಂಡು ಒಲೆಯ ಕಡೆ ಹೋದರು. ಹೋಗುವಾಗ ಮಗನ ತಲೆಯ ಮೇಲೊಂದು ಮೆಲ್ಲಗೆ ಮೊಟಕಿದರು.

*

ಮುಂದಿನ ವಾರ ಪಟಾಲಮ್ಮ ಬಿಳಿ ಕಾಲುಚೀಲ ಹಾಕಿಕೊಂಡು ಬೊಂಬಾಯಿಗೆ ಹಾರಿದರು. ಬಸವಲಿಂಗಪ್ಪನವರು ಕೋಣೆಯಿಂದ ಹೊರಗೆ ಬಂದು, ಅವರ ಪಾದ ನೋಡಿ, ಆಮೇಲೆ ಕೈಮುಗಿದು, "ಹೋಗ್ಬನ್ನಿ ತಾಯಿ" ಎಂದರು. ಕಿಟಕಿ ಪಕ್ಕದ ಸೀಟನ್ನೇ ಸತ್ಯವತಿ ಆರಿಸಿ ಕೊಟ್ಟಿದ್ದಳು. ಮೋಡದ ಮೇಲೆ ಹೋದಾಗ ಹೆದರಿಕೆ ಆದರೆ ಏನು ಮಾಡಬೇಕೆಂದು ಅವರು ಮೂರು ಸಲ ಕೇಳಿದರು. ಮೂರು ಸಲವೂ ಅವಳು, "ಕಣ್ಣು ಮುಚ್ಕೊಂಡು ಮೊಮ್ಮಗಳನ್ನ ನೆನೆಸ್ಕೊಳ್ಳಿ" ಎಂದಳು.

ಅಂದು ಗೋಪೀನಾಥ ಹಳೆಯ ಶಿಫ್ಟಿಗೆ ವಾಪಸ್ಸಾಗಿದ್ದ. ಸಂಜೆ ವ್ಯಾನಿನಲ್ಲಿ ಅವಳ ಹಿಂದಿನ ಸೀಟಿಗೆ ಬರಲಿಲ್ಲ. ಪಕ್ಕದ ಸೀಟಿಗೇ ಬಂದು ಕೂತ. ಮೆಜೆಸ್ಟಿಕ್ ದಾಟಿದ ಮೇಲೆ ಅವಳ ಕಡೆ ತಿರುಗಿದ.

"ಅಮ್ಮ ತಲುಪಿದ ಮೇಲೆ ಪ್ರಭಾ ಫೋನ್ ಮಾಡಿದ್ಲು, ಹ್ಯಾಂಗರಿಗೆ," ಎಂದ. "ಅಮ್ಮ ದಾರಿಯುದ್ದಕ್ಕೂ ಕಣ್ಣು ಮುಚ್ಚಲೇ ಇಲ್ವಂತೆ. ಕೆಳಗೆ ನದಿ ಕಾಣಿಸ್ತಂತೆ."

"ಹೆದ್ರಲಿಲ್ವಾ?"

"ಪಕ್ಕದಲ್ಲಿ ಕೂತಿದ್ದ ಸೂಟಿನ ಸಾಹೇಬ್ರಿಗೆ ಧೈರ್ಯ ಹೇಳ್ಕೊಂಡು ಹೋದ್ಲಂತೆ."

ಸತ್ಯವತಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅವಳು ನಗುವುದನ್ನೇ ನೋಡುತ್ತಾ ಅವನು ಮಾತು ಮರೆತ.

ಭಾಷ್ಯಂ ಸರ್ಕಲ್ ಬಂತು. ಸತ್ಯವತಿ ಇಳಿದಳು. ಅವಳ ಹಿಂದೆಯೇ ಅವನೂ ಇಳಿದ. ವ್ಯಾನು ಹೊರಟುಹೋಯಿತು.

"ನಿಮ್ಮ ಸ್ಟಾಪ್ ಇನ್ನೂ ಮುಂದಿದೆ," ಎಂದಳು ಅವಳು.

"ಗೊತ್ತು."

"ಮತ್ತೆ?"

ಅವನು ಶರ್ಟಿನ ಕೈ ಸರಿಮಾಡಿಕೊಂಡ. ಗಂಟಲು ಸರಿಮಾಡಿಕೊಂಡ.

"ನಿಮ್ಮ ತಂದೆಯವರು ಈ ಹೊತ್ತಲ್ಲಿ ಮನೇಲಿರ್ತಾರಾ?"



"ಇರ್ತಾರೆ. ಜಗಲಿ ಮೇಲೆ ಕೂತಿರ್ತಾರೆ. ಕಣ್ಣು ಸರಿಯಾಗಿ ಕಾಣಲ್ಲ ಅವರಿಗೆ. ಯಾರು ಬಂದಿದಾರೆ ಅಂತ ನಾನೇ ಹೇಳ್ಬೇಕು." ಅವಳು ನೆಲ ನೋಡುತ್ತಾ ಕೇಳಿದಳು, "ಏನಂತ ಹೇಳ್ಲಿ?"

"ನಿಮಗೆ ಇಷ್ಟ ಇಲ್ದಿದ್ರೆ, ಜೊತೆಯಲ್ಲಿ ಕೆಲಸ ಮಾಡೋರು, ಕಾಫಿ ಕುಡಿಯೋಕೆ ಬಂದ್ರು ಅಂತ ಹೇಳಿ. ಕುಡಿದು ಹೋಗ್ತೀನಿ."

"ಇಷ್ಟ ಇದ್ರೆ?"

ಅವಳು ತಲೆ ಎತ್ತುವವರೆಗೂ ಗೋಪೀನಾಥ ಕಾದ. ಅವಳು ತಲೆ ಎತ್ತಿದಳು.

"ಹಂಗಾದ್ರೆ ಬನ್ನಿ," ಎಂದಳು ಸತ್ಯವತಿ. "ಏನು ಹೇಳ್ಬೇಕು ಅಂತ ನಂಗೆ ಗೊತ್ತು."

"ಏನಂತ ಹೇಳ್ತೀಯಾ ಸತ್ಯಾ?"

ಅವನು ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವಳು ಆಗಲೇ ಎರಡು ಹೆಜ್ಜೆ ಮುಂದೆ ಹೋಗಿದ್ದಳು. ತಿರುಗಿ ನೋಡದೆಯೇ ಹೇಳಿದಳು:

"ಅಪ್ಪ, ಇವರಿಗೆ ಬರೀ ಕಾಫಿ ಸಾಲದು, ಊಟಕ್ಕೂ ಹಾಕೋಣ ಅಂತ."